ಲಾಭ ಹಂಚದ ಸಂಘಗಳು: ರಾಜ್ಯದಲ್ಲಿ ಎಷ್ಟು, ಎಂಥವು, ಯಾರಿಗೆ ಲೆಕ್ಕ?

ಕಾಫಿ ಕಣದಿಂದ ಮೂಟೆಗೆ ಇಳಿಯುವ ಹೊತ್ತಿಗೆ, ಅಡಿಕೆ ಸುಲಿದು ಮಂಡಿಗೆ ಹೋಗುವ ಹೊತ್ತಿಗೆ, ನಮ್ಮ ಸಂಘದ ಕಚೇರಿಗೆ ಸಹಾಯ ಕೋರುವ ಅರ್ಜಿಗಳೂ ಬರತೊಡಗುತ್ತವೆ. ದೇವಸ್ಥಾನದ ಜೀರ್ಣೋದ್ಧಾರ ಸಮಿತಿ, ಯುವಕ ಸಂಘ, ವಿದ್ಯಾಸಂಸ್ಥೆ, ಅಂಧ ಮಕ್ಕಳ ಶಾಲೆ, ಗೋಶಾಲೆ, ಕನ್ನಡ ಸಂಘ, ಆರೋಗ್ಯ ಶಿಬಿರ ನಡೆಸುವ ಟ್ರಸ್ಟು, ಹೀಗೆ ಹಲವು. ಪ್ರತಿಯೊಂದಕ್ಕೂ ಒಂದು ಲೆಟರ್‌ಹೆಡ್, ಅದರ ಮೂಲೆಯಲ್ಲಿ ಒಂದು ನೋಂದಣಿ ಸಂಖ್ಯೆ. ಕಳೆದ ಮಹಾಸಭೆಯಲ್ಲಿ ನುಗ್ಗೇಹಳ್ಳಿ ಹೋಬಳಿಯ ಹಿರಿಯ ಸದಸ್ಯರೊಬ್ಬರು ಎದ್ದುನಿಂತು, “ಕಾರ್ಯದರ್ಶಿಗಳೇ, ಇಂಥವು ರಾಜ್ಯದಲ್ಲಿ ಒಟ್ಟು ಎಷ್ಟಿವೆ? ಎಲ್ಲಕ್ಕೂ ರಿಜಿಸ್ಟ್ರಿ ನಂಬರು ಇದೆಯಲ್ಲ, ಹಾಗಾದರೆ ಎಲ್ಲವೂ ಸಾಚಾನೇ?” ಎಂದು ಕೇಳಿದರು. ಸಭೆ ನಕ್ಕಿತು. ಪ್ರಶ್ನೆ ಮಾತ್ರ ನಗುವಂಥದ್ದಲ್ಲ. ಕೊಡುವ ಹಣ ಸದಸ್ಯರದು. ಅಂದು ಕಾಲಾವಕಾಶವಿರಲಿಲ್ಲವಾದ್ದರಿಂದ ಉತ್ತರವನ್ನು ಪತ್ರಿಕೆಯಲ್ಲಿ ಬರೆಯುವುದಾಗಿ ಹೇಳಿದ್ದೆ.

ಮೊದಲು ಎಂಥವನ್ನು ಎಣಿಸಬೇಕು ಎಂಬುದನ್ನು ಗೊತ್ತುಮಾಡಿಕೊಳ್ಳೋಣ. ಸರ್ಕಾರದ ಇಲಾಖೆಯಾಗಿರಬಾರದು. ಜನರು ತಾವಾಗಿ ಕೂಡಿ ಕಟ್ಟಿಕೊಂಡು ತಾವೇ ನಡೆಸುವಂಥದ್ದಾಗಿರಬೇಕು. ಮುಖ್ಯವಾಗಿ, ವರ್ಷದ ಕೊನೆಗೆ ಹಣ ಉಳಿದರೆ ಅದನ್ನು ಸದಸ್ಯರು ಹಂಚಿಕೊಳ್ಳಬಾರದು, ಉದ್ದೇಶಕ್ಕೇ ಬಳಸಬೇಕು. ಇಂಥ ಸಂಸ್ಥೆ ಲಾಭ ಮಾಡಲೇಬಾರದೆಂದು ಬಹಳ ಮಂದಿ ತಿಳಿದಿದ್ದಾರೆ. ಅದು ಹಾಗಲ್ಲ. ಉಳಿತಾಯ ಆಗಬಹುದು, ಆಗಲೂಬೇಕು, ಇಲ್ಲದಿದ್ದರೆ ಮಾರನೆಯ ವರ್ಷ ಬಾಗಿಲು ತೆರೆಯುವುದು ಹೇಗೆ? ಹಂಚಿಕೆಗೆ ಮಾತ್ರ ನಿಷೇಧ.

ಇನ್ನು ಸಂಖ್ಯೆ. ಕೇಂದ್ರ ಸಾಂಖ್ಯಿಕ ಕಚೇರಿಯವರು 2008ರವರೆಗಿನ ನೋಂದಣಿ ಪುಸ್ತಕಗಳನ್ನು ತೆರೆಸಿ ಇಡೀ ದೇಶದ ಲೆಕ್ಕ ತೆಗೆದರು. ಒಟ್ಟು ಸುಮಾರು 31.7 ಲಕ್ಷ ಸಂಸ್ಥೆಗಳು. ಮಹಾರಾಷ್ಟ್ರಕ್ಕೆ 4.8 ಲಕ್ಷದೊಡನೆ ಮೊದಲ ಸ್ಥಾನ. ಅನಂತರ ಅವಿಭಜಿತ ಆಂಧ್ರ, ಉತ್ತರ ಪ್ರದೇಶ, ಕೇರಳ. ಐದನೆಯದು ನಮ್ಮ ಕರ್ನಾಟಕ, ಸುಮಾರು 1.9 ಲಕ್ಷ. ಇವುಗಳೆಲ್ಲ ಪಟ್ಟಣದ ಕಾರುಬಾರು ಎಂದು ತಿಳಿಯಬೇಡಿ. ದೇಶದ ಒಟ್ಟು ಲೆಕ್ಕದಲ್ಲಿ ಅರ್ಧಕ್ಕಿಂತ ಹೆಚ್ಚು ಹಳ್ಳಿಗಾಡಿನವು.

ಬಂಧುಗಳೇ, ಇಲ್ಲಿಗೆ ನಿಲ್ಲಿಸಿದರೆ ಲೆಕ್ಕ ಬಹಳ ಚೆಂದ. ಆದರೆ ಕಚೇರಿಯವರು ಇಲ್ಲಿಗೆ ನಿಲ್ಲಿಸಲಿಲ್ಲ. ಎರಡನೆಯ ಹಂತದಲ್ಲಿ ಸಿಬ್ಬಂದಿಯನ್ನು ವಿಳಾಸ ಹಿಡಿದು ಊರೂರಿಗೆ ಕಳುಹಿಸಿದರು. ಸುಮಾರು 22 ಲಕ್ಷ ವಿಳಾಸಗಳನ್ನು ಹುಡುಕಿಕೊಂಡು ಹೋದಾಗ ಕೈಗೆ ಸಿಕ್ಕವು ಸುಮಾರು 6.9 ಲಕ್ಷ ಮಾತ್ರ. ಅಂದರೆ ಮೂರರಲ್ಲಿ ಒಂದೂ ಪೂರ್ತಿ ಇಲ್ಲ. ನರ್ಸರಿಯಲ್ಲಿ ಚೀಲ ಎಣಿಸುವುದು ಬೇರೆ, ಮೂರು ಬೇಸಿಗೆ ಕಳೆದ ಮೇಲೆ ತೋಟದಲ್ಲಿ ನಿಂತ ಗಿಡ ಎಣಿಸುವುದು ಬೇರೆ ಎಂದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ರಾಜ್ಯದ 1.9 ಲಕ್ಷವೂ ಚೀಲದ ಲೆಕ್ಕವೇ. ಕೆಲವು ವರ್ಷಗಳ ಅನಂತರ, 2017ರಲ್ಲಿ, ಸುಪ್ರೀಂ ಕೋರ್ಟಿನ ಮುಂದೆ ಇದೇ ವಿಷಯ ಬಂದಾಗ, ದೇಶದ ಸುಮಾರು 30 ಲಕ್ಷ ಸಂಸ್ಥೆಗಳಲ್ಲಿ ವರ್ಷದ ಲೆಕ್ಕಪತ್ರ ಸಲ್ಲಿಸುತ್ತಿರುವವು ಹತ್ತರಲ್ಲಿ ಒಂದರಷ್ಟು ಎಂದು ತಿಳಿದುಬಂತು.

ಹೋಗಲಿ, ಇಷ್ಟೊಂದು ಚೀಲ ತುಂಬಿದ್ದು ಯಾವಾಗ? ಅದೇ ಗಣತಿಯಲ್ಲಿ ಉತ್ತರವಿದೆ. 1970ರವರೆಗೆ ದೇಶದಲ್ಲಿ ನೋಂದಣಿಯಾದವು 1.44 ಲಕ್ಷ. ಮುಂದಿನ ಹತ್ತು ವರ್ಷಗಳಲ್ಲಿ 1.79 ಲಕ್ಷ. 1981ರಿಂದ 1990ರವರೆಗೆ 5.52 ಲಕ್ಷ. ಆಮೇಲಿನ ದಶಕದಲ್ಲಿ 11.22 ಲಕ್ಷ, 2000ದ ಅನಂತರದ ಕೆಲವೇ ವರ್ಷಗಳಲ್ಲಿ ಮತ್ತೆ 11.35 ಲಕ್ಷ. ಎಂಬತ್ತರ ದಶಕದಲ್ಲಿ ಸರ್ಕಾರವೇ ತನ್ನ ಗ್ರಾಮಾಭಿವೃದ್ಧಿ ಹಣವನ್ನು ಸ್ವಯಂಸೇವಾ ಸಂಸ್ಥೆಗಳ ಮೂಲಕ ಖರ್ಚುಮಾಡಲು ಮನಸ್ಸು ಮಾಡಿತು; 1986ರಲ್ಲಿ ಅದಕ್ಕೆಂದೇ ಕಪಾರ್ಟ್ ಎಂಬ ಸಂಸ್ಥೆ ಬಂತು. 1993ರಲ್ಲಿ ಸಂಸತ್ ಸದಸ್ಯರ ಕ್ಷೇತ್ರಾಭಿವೃದ್ಧಿ ನಿಧಿ ಬಂದಮೇಲೆ ಸಮುದಾಯ ಭವನಕ್ಕೆ ಅನುದಾನ ಬೇಕಾದವರು ಮೊದಲು ಸಂಘ ನೋಂದಾಯಿಸುವುದು ರೂಢಿಯಾಯಿತು. ಭವನ ಎದ್ದಿತು, ಉದ್ಘಾಟನೆಯಾಯಿತು, ಕಲ್ಲಿನಲ್ಲಿ ಹೆಸರು ಕೊರೆದದ್ದೂ ಆಯಿತು. ಸಂಘ ಅಲ್ಲಿಗೆ ಮಲಗಿತು. ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ಇಂಥ ಭವನ ಇಲ್ಲದ ಊರು ಹುಡುಕುವುದು ಕಷ್ಟ.

ಹಳೆಯ ಬೇರು

ಆದರೂ ಇದು ಸರ್ಕಾರದ ಅನುದಾನದಿಂದ ಹುಟ್ಟಿದ ಪದ್ಧತಿಯಲ್ಲ. ನುಗ್ಗೇಹಳ್ಳಿಯ ಲಕ್ಷ್ಮೀನರಸಿಂಹ ದೇವಾಲಯವನ್ನು ಹೊಯ್ಸಳ ಸೋಮೇಶ್ವರನ ಕಾಲದಲ್ಲಿ ಬೊಮ್ಮಣ್ಣ ದಂಡನಾಯಕ 1246ರಲ್ಲಿ ಕಟ್ಟಿಸಿದ. ಅಂದಿನವರು ಗುಡಿ ಕಟ್ಟಿ ಸುಮ್ಮನಾಗುತ್ತಿರಲಿಲ್ಲ. ಪೂಜೆಗೆ, ದೀಪಕ್ಕೆ, ವಿದ್ಯೆಗೆ ಭೂಮಿ ಬಿಟ್ಟು ಶಾಸನ ಹಾಕಿಸುತ್ತಿದ್ದರು. ಅದೇ ತಾಲ್ಲೂಕಿನ ಶ್ರವಣಬೆಳಗೊಳದ ಶಾಸನಗಳಲ್ಲಿ ಗೊಮ್ಮಟಸ್ವಾಮಿಯ ಅಭಿಷೇಕದ ಹಾಲಿಗೆ, ಹೂವಿಗೆ ಹಣವನ್ನು ಠೇವಣಿಯಾಗಿ ಇಟ್ಟು, ಬಡ್ಡಿಯಲ್ಲಿ ಸೇವೆ ನಡೆಯಬೇಕೆಂದು ಬರೆಸಿದವರಿದ್ದಾರೆ. ಅಸಲು ಮುಟ್ಟಬಾರದು, ಬಡ್ಡಿ ಉದ್ದೇಶಕ್ಕೆ ಮಾತ್ರ. ಇಂದಿನ ಯಾವ ಟ್ರಸ್ಟ್ ಡೀಡಿನಲ್ಲೂ ಇದಕ್ಕಿಂತ ಸ್ಪಷ್ಟವಾದ ಷರತ್ತು ಕಾಣೆ. ಇನ್ನೊಂದು ಗಮನಿಸಿ: ಆ ಶಾಸನವನ್ನು ಊರ ನಡುವೆ, ಎಲ್ಲರೂ ಓದುವ ಜಾಗದಲ್ಲಿ ನಿಲ್ಲಿಸುತ್ತಿದ್ದರು. ಬೀರುವಿನಲ್ಲಿಟ್ಟು ಬೀಗ ಹಾಕುತ್ತಿರಲಿಲ್ಲ.

ಇಂದು ಮುಜರಾಯಿ ಇಲಾಖೆಯ ವ್ಯಾಪ್ತಿಯಲ್ಲಿ 34 ಸಾವಿರಕ್ಕೂ ಹೆಚ್ಚು ದೇವಸ್ಥಾನಗಳಿವೆ. ವರ್ಷಕ್ಕೆ 25 ಲಕ್ಷ ರೂಪಾಯಿ ಮೀರಿದ ಆದಾಯವಿರುವ ‘ಎ’ ವರ್ಗದವು ಇನ್ನೂರರ ಆಸುಪಾಸು. ಉಳಿದವುಗಳಲ್ಲಿ ಬಹುಪಾಲು 5 ಲಕ್ಷಕ್ಕಿಂತ ಕಡಿಮೆ ಆದಾಯದ ‘ಸಿ’ ವರ್ಗದವು. ಇವು ಸರ್ಕಾರದ ಕಣ್ಗಾವಲಿನಲ್ಲಿ ಇರುವುದರಿಂದ ನಮ್ಮ ಎಣಿಕೆಯಿಂದ ಹೊರಗೆ. ಆದರೆ ಊರಿನ ಜನ ಹಣ ಕೂಡಿಸಿ ಹುಟ್ಟುಹಾಕುವ ಜೀರ್ಣೋದ್ಧಾರ ಸಮಿತಿ ಒಳಗೆ. ಒಂದೇ ಗುಡಿ, ಎರಡು ಲೆಕ್ಕ.

ಆಧುನಿಕ ಕಾಲದ ಸಂಘಗಳಲ್ಲಿ ಹಿರಿದಾದ ಸಾಲು ವಿದ್ಯೆಯದು. ಧಾರವಾಡದ ಕರ್ನಾಟಕ ವಿದ್ಯಾವರ್ಧಕ ಸಂಘ 1890ರದು. 1906ರಲ್ಲಿ ಒಕ್ಕಲಿಗರ ಸಂಘ, 1910ರಲ್ಲಿ ಬಿಜಾಪುರದ ಬಿ.ಎಲ್.ಡಿ.ಇ., 1915ರಲ್ಲಿ ಕನ್ನಡ ಸಾಹಿತ್ಯ ಪರಿಷತ್ತು, 1916ರಲ್ಲಿ ಬೆಳಗಾವಿಯಲ್ಲಿ ಏಳು ಮಂದಿ ಉಪಾಧ್ಯಾಯರು ಸೇರಿ ಕಟ್ಟಿದ ಕೆ.ಎಲ್.ಇ. ಸೊಸೈಟಿ. 1954ರಲ್ಲಿ ಸುತ್ತೂರು ಮಠದ ಜೆ.ಎಸ್.ಎಸ್. ಮಹಾವಿದ್ಯಾಪೀಠ, 1974ರಲ್ಲಿ ಆದಿಚುಂಚನಗಿರಿಯ ಶಿಕ್ಷಣ ಟ್ರಸ್ಟು. ನಮ್ಮ ಹಾಸನದಲ್ಲೇ 1960ರಲ್ಲಿ ಮಲೆನಾಡು ಎಂಜಿನಿಯರಿಂಗ್ ಕಾಲೇಜು ಬಂದದ್ದು ಮಲೆನಾಡು ಟೆಕ್ನಿಕಲ್ ಎಜುಕೇಷನ್ ಸೊಸೈಟಿಯ ಮೂಲಕ. ನಮ್ಮ ಸದಸ್ಯರ ಮನೆಗಳಲ್ಲಿ ಈ ಯಾದಿಯ ಯಾವುದಾದರೊಂದು ಸಂಸ್ಥೆಯ ಹಾಸ್ಟೆಲಿನಲ್ಲಿ ಉಂಡು ಓದಿದವರು ಒಬ್ಬರಾದರೂ ಇದ್ದೇ ಇರುತ್ತಾರೆ. ಹೆಗ್ಗೋಡಿನ ನೀನಾಸಂ 1949ರಲ್ಲಿ ಅಡಿಕೆ ಬೆಳೆಯುವ ಹಳ್ಳಿಯವರು ಕಟ್ಟಿದ ನಾಟಕ ಸಂಘ, ಅದರ ಕೆ. ವಿ. ಸುಬ್ಬಣ್ಣನವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಇತ್ತ ಬೆಂಗಳೂರಿನ ಅಕ್ಷಯ ಪಾತ್ರ 2000ದಲ್ಲಿ ಐದು ಶಾಲೆಗಳ 1,500 ಮಕ್ಕಳ ಊಟದಿಂದ ಶುರುವಾಗಿ ಇಂದು ಹಲವು ರಾಜ್ಯಗಳಲ್ಲಿ ದಿನಕ್ಕೆ 20 ಲಕ್ಷ ಮೀರಿದ ಮಕ್ಕಳಿಗೆ ಬಡಿಸುತ್ತಿದೆ. ಇದೂ ಅದೇ ಎಣಿಕೆ, ನಮ್ಮೂರ ಭಜನಾ ಮಂಡಳಿಯೂ ಅದೇ ಎಣಿಕೆ. ಒಂದೇ ತಕ್ಕಡಿಯಲ್ಲಿ ಆನೆಯನ್ನೂ ಇರುವೆಯನ್ನೂ ತೂಗಿದ ಹಾಗೆ.

ಸಹಕಾರಿಗಳು ಕೇಳಬೇಕಾದ ಕಥೆ

ಸಂಖ್ಯೆ ಸಾಕು. ಸಹಕಾರಿಗಳಾದ ನಾವು ವಿಶೇಷವಾಗಿ ತಿಳಿಯಬೇಕಾದ ಒಂದು ಪ್ರಸಂಗವಿದೆ. ಮೈರಾಡ ಎಂಬ ಸಂಸ್ಥೆ 1968ರಲ್ಲಿ ಟಿಬೆಟ್ಟಿನ ನಿರಾಶ್ರಿತರಿಗೆ ನೆಲೆ ಕಲ್ಪಿಸುವ ಕೆಲಸದಿಂದ ಆರಂಭವಾಯಿತು. ಮುಂದೆ ಹಳ್ಳಿಗಳ ಸಹಕಾರ ಸಂಘಗಳ ಮೂಲಕ ಬಡ ರೈತರಿಗೆ ಸಾಲ ಕೊಡಿಸುತ್ತಿತ್ತು. 1984–85ರ ಸುಮಾರಿಗೆ ಅಂಥ ಹಲವು ಸಂಘಗಳು ಮುರಿದುಬಿದ್ದವು. ಮುಖಂಡರ ಮೇಲೆ ಸದಸ್ಯರಿಗೆ ನಂಬಿಕೆ ಹೋಗಿತ್ತು. ಆಗ ಸದಸ್ಯರೇ ಚಿಕ್ಕ ಚಿಕ್ಕ ಗುಂಪುಗಳಾಗಿ ಬಂದು, “ಸಾಲವನ್ನು ನಿಮಗೇ ತೀರಿಸುತ್ತೇವೆ, ಆ ಸಂಘಕ್ಕೆ ಕಟ್ಟುವುದಿಲ್ಲ” ಎಂದರು. ಸಂಸ್ಥೆಯವರು ಆ ಹಣವನ್ನು ಆ ಗುಂಪುಗಳಲ್ಲೇ ಇರಿಸಿಕೊಂಡು ತಿರುಗಿಸಲು ಹೇಳಿದರು. ಒಬ್ಬರನ್ನೊಬ್ಬರು ಬಲ್ಲ ಹದಿನೈದು ಇಪ್ಪತ್ತು ಮಂದಿ ವಾರವಾರ ಕೂತು, ಎಲ್ಲರ ಎದುರಿಗೆ ಹಣ ಎಣಿಸಿ, ಎಲ್ಲರ ಎದುರಿಗೆ ಪುಸ್ತಕದಲ್ಲಿ ಬರೆಯುತ್ತಿದ್ದರು. ಇದರಿಂದ ಬೆಳೆದುದೇ ಸ್ವಸಹಾಯ ಗುಂಪು. 1992ರಲ್ಲಿ ನಬಾರ್ಡ್ 500 ಗುಂಪುಗಳನ್ನು ಬ್ಯಾಂಕಿಗೆ ಜೋಡಿಸುವ ಪ್ರಯೋಗ ಮಾಡಿತು. 2000–01ರಲ್ಲಿ ನಮ್ಮ ರಾಜ್ಯ ಸರ್ಕಾರ ಸ್ತ್ರೀಶಕ್ತಿ ಯೋಜನೆ ತಂದು ಲಕ್ಷಕ್ಕೂ ಮೀರಿ ಗುಂಪುಗಳಾದವು.

ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆ 1982ರಲ್ಲಿ ಬೆಳ್ತಂಗಡಿಯಲ್ಲಿ ಶುರುವಾದದ್ದೂ ಇದೇ ಕಾಲದಲ್ಲಿ. ಅವರ ಪ್ರಗತಿಬಂಧು ತಂಡದಲ್ಲಿ ಐದರಿಂದ ಎಂಟು ಮಂದಿ ಸಣ್ಣ ರೈತರು, ವಾರಕ್ಕೊಂದು ದಿನ ಒಬ್ಬೊಬ್ಬರ ತೋಟದಲ್ಲಿ ಎಲ್ಲರೂ ದುಡಿಯುತ್ತಾರೆ. ನಮ್ಮ ಮುಯ್ಯಾಳಿಗೇ ಒಂದು ಪುಸ್ತಕ ಮತ್ತು ಒಂದು ಉಳಿತಾಯದ ಡಬ್ಬಿ ಸೇರಿಸಿದ್ದಾರೆ ಎನ್ನಬಹುದು. ಕೂಲಿಯಾಳು ಸಿಗದ ಈ ದಿನಗಳಲ್ಲಿ ಅದು ಸಣ್ಣ ಮಾತಲ್ಲ.

ಇದನ್ನು ವಿವರವಾಗಿ ಬರೆದದ್ದಕ್ಕೆ ಕಾರಣವಿದೆ. ಸ್ವಸಹಾಯ ಗುಂಪುಗಳಲ್ಲಿ ಬಹುಪಾಲಿಗೆ ಸೊಸೈಟಿ ನೋಂದಣಿಯೇ ಇಲ್ಲ. ಸಾಂಖ್ಯಿಕ ಕಚೇರಿಯವರ ಲೆಕ್ಕಕ್ಕೆ ಅವು ಸಿಕ್ಕಿಲ್ಲ. ನೋಂದಣಿಯಾದದ್ದು ವಿಳಾಸಕ್ಕೆ ಸಿಗುವುದಿಲ್ಲ, ನೋಂದಣಿಯಾಗದ್ದು ವಾರವಾರ ಸೇರುತ್ತದೆ. ಸಭೆಯಲ್ಲಿ ಕೇಳಿದ ಪ್ರಶ್ನೆಗೆ ಅರ್ಧ ಉತ್ತರ ಇಲ್ಲೇ ಇದೆ.

ಇನ್ನು ನಮ್ಮ ಸಹಕಾರ ಸಂಘಗಳು. ಕಾನೂನಿನ ಕಣ್ಣಿಗೆ ಇವು ಈ ಪಂಗಡಕ್ಕೆ ಸೇರವು, ಏಕೆಂದರೆ ಲಾಭಾಂಶ ಹಂಚುತ್ತೇವೆ. 1905ರಲ್ಲಿ ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕಟ್ಟಿದ ಮೊದಲ ಸಂಘದಿಂದ ಹಿಡಿದು 1923ರ ಶಿರಸಿಯ ತೋಟಗಾರ್ಸ್ ಸೇಲ್ ಸೊಸೈಟಿ, 1939ರ ಮ್ಯಾಮ್ಕೋಸ್, ಅಡಿಕೆ ಬೆಲೆ ಕುಸಿದ ಕಾಲದಲ್ಲಿ 1973ರಲ್ಲಿ ವಾರಣಾಶಿ ಸುಬ್ರಾಯ ಭಟ್ಟರ ನೇತೃತ್ವದಲ್ಲಿ ಹುಟ್ಟಿದ ಕ್ಯಾಂಪ್ಕೋವರೆಗೆ ಎಲ್ಲವೂ ಇದರ ಹೊರಗೇ. ಆದರೂ ನಿವ್ವಳ ಲಾಭದಲ್ಲಿ ನೂರಕ್ಕೆ 25 ಭಾಗ ಆಪದ್ಧನಕ್ಕೆ ಹೋಗಬೇಕು, ಸಹಕಾರ ಶಿಕ್ಷಣ ನಿಧಿಗೆ ಪಾಲು ಹೋಗಬೇಕು, ಉಳಿದುದರಲ್ಲಿ ಸಾರ್ವಜನಿಕ ಕೆಲಸಕ್ಕೂ ಒಂದಷ್ಟು ತೆಗೆದಿಡುತ್ತೇವೆ. ಹಳ್ಳಿಯ ಡೈರಿಯವರು ಶಾಲೆಗೆ ಬೆಂಚು ಮಾಡಿಸಿಕೊಟ್ಟದ್ದನ್ನು ನೀವೆಲ್ಲ ನೋಡಿದ್ದೀರಿ. ಹೊರಗಿದ್ದೂ ಒಳಗಿನ ಕೆಲಸ ಮಾಡುವವರು ನಾವು.

ನಮ್ಮ ಬೆಳೆಗಾರರ ಸಂಘಗಳ ಮಾತು ಬೇರೆ. ಹೋಬಳಿ ಮಟ್ಟದ ಪ್ಲಾಂಟರ್ಸ್ ಸಂಘಗಳು ಸೊಸೈಟಿ ಕಾಯಿದೆಯಡಿ ಬಂದಂಥವು, ಆದ್ದರಿಂದ ಆ 1.9 ಲಕ್ಷದ ಜಾತಿಯವೇ. ಕಾಫಿ ಪೂಲ್ ಪದ್ಧತಿ 1996ರಲ್ಲಿ ಪೂರ್ತಿ ಕೊನೆಗೊಂಡ ಮೇಲೆ ಇವುಗಳ ಹೊಣೆ ಹೆಚ್ಚಿತು. ಮೊದಲು ಮಂಡಳಿಯೊಡನೆ ಮಾತಾಡಿದರೆ ಸಾಕಿತ್ತು. ಈಗ ಬ್ಯಾಂಕು, ವಿಮೆ, ಅರಣ್ಯ ಇಲಾಖೆ, ಆನೆ ಹಾವಳಿಯ ಪರಿಹಾರ ಎಲ್ಲಕ್ಕೂ ಸಂಘದ ಹೆಸರಿನಲ್ಲೇ ಮನವಿ ಹೋಗಬೇಕು.

ಯಾರಿಗೆ ಲೆಕ್ಕ?

ಕರ್ನಾಟಕದಲ್ಲಿ ಏಳು ಮಂದಿ ಸೇರಿದರೆ 1960ರ ಸಂಘಗಳ ನೋಂದಣಿ ಕಾಯಿದೆಯಡಿ ಸಂಘ ನೋಂದಾಯಿಸಬಹುದು. ಬಹಳ ಸದಸ್ಯರಿಗೆ ಗೊತ್ತಿಲ್ಲದ ಸಂಗತಿಯೆಂದರೆ, ಈ ಕಾಯಿದೆಯನ್ನು ನೋಡಿಕೊಳ್ಳುವುದೂ ಸಹಕಾರ ಇಲಾಖೆಯೇ. ಜಿಲ್ಲೆಯ ಸಹಕಾರ ಸಂಘಗಳ ಉಪನಿಬಂಧಕರೇ ಈ ಸಂಘಗಳಿಗೂ ನೋಂದಣಾಧಿಕಾರಿ. ಸಂಘವೆಂದಮೇಲೆ ಸರ್ವಸದಸ್ಯರ ಸಭೆ ವರ್ಷಕ್ಕೊಮ್ಮೆ ಆಗಬೇಕು, ಆಡಳಿತ ಮಂಡಳಿಯ ಪಟ್ಟಿ ಮತ್ತು ಪರಿಶೋಧಿತ ಲೆಕ್ಕ ಆ ಕಚೇರಿಗೆ ಹೋಗಬೇಕು. ಸದಸ್ಯನಿಗೆ ಎದ್ದುನಿಂತು ಕೇಳುವ ಹಕ್ಕಿದೆ.

ಟ್ರಸ್ಟು ಹಾಗಲ್ಲ. ಕೆಲವರು ಸೇರಿ ಡೀಡು ಬರೆದು ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಿದರೆ ಆಯಿತು. ಮಹಾರಾಷ್ಟ್ರದಲ್ಲಿ ಧರ್ಮಾದಾಯ ಆಯುಕ್ತರೆಂಬ ಅಧಿಕಾರಿ ಇದ್ದಾರೆ, ಟ್ರಸ್ಟುಗಳು ಅಲ್ಲಿ ಲೆಕ್ಕ ಒಪ್ಪಿಸಬೇಕು. ನಮ್ಮಲ್ಲಿ ಸಾಮಾನ್ಯ ಟ್ರಸ್ಟಿಗೆ ಅಂಥ ಒಬ್ಬ ಯಜಮಾನನಿಲ್ಲ. ತೆರಿಗೆ ವಿನಾಯಿತಿ ಪಡೆದಿದ್ದರೆ ಆದಾಯ ತೆರಿಗೆ ಇಲಾಖೆಗೆ ಲೆಕ್ಕ ಹೋಗುತ್ತದೆ, ಅಷ್ಟೆ. ಹೆಸರು ಬೇಡ, ಕೆಲವು ವರ್ಷಗಳ ಹಿಂದೆ ನಮ್ಮ ಬೆಳೆಗಾರರಿಂದ ಗಣನೀಯ ಕಾಣಿಕೆ ಪಡೆದ ಒಂದು ಟ್ರಸ್ಟಿಗೆ ವರ್ಷದ ಜಮಾ-ಖರ್ಚು ಕಳುಹಿಸಿಕೊಡಿ ಎಂದು ಸಂಘದ ಪರವಾಗಿ ಪತ್ರ ಬರೆದೆ. “ನೀವು ದಾನಿಗಳು, ಸದಸ್ಯರಲ್ಲ” ಎಂದು ಉತ್ತರ ಬಂತು. ಕಾನೂನಿನ ದೃಷ್ಟಿಯಿಂದ ಉತ್ತರ ಸರಿಯೇ ಇರಬಹುದು. ಅಲ್ಲಿಂದೀಚೆಗೆ ಅವರಿಗೆ ನಮ್ಮಲ್ಲಿ ಕಾಣಿಕೆ ಮಂಜೂರಾಗಿಲ್ಲ, ಅದೂ ಸರಿಯೇ. ಟ್ರಸ್ಟುಗಳೆಲ್ಲ ಹೀಗೆಂದು ನಾನು ಹೇಳುತ್ತಿಲ್ಲ. ಕೇಳದೆಯೇ ಅಢಾವೆ ಪತ್ರಿಕೆಯನ್ನು ಅಂಚೆಯಲ್ಲಿ ಕಳುಹಿಸುವ ಟ್ರಸ್ಟುಗಳೂ ಇವೆ.

ರಸೀತಿಯ ಮೇಲೆ ‘80ಜಿ’ ಎಂದು ಅಚ್ಚಾಗಿದ್ದರೆ ನಮ್ಮವರಿಗೆ ವಿಶೇಷ ಸಮಾಧಾನ. ಇದರಲ್ಲಿ ಒಂದು ತಪ್ಪು ತಿಳಿವಳಿಕೆ ಇದೆ. ಕೃಷಿ ಆದಾಯಕ್ಕೆ ಕೇಂದ್ರದ ಆದಾಯ ತೆರಿಗೆಯೇ ಇಲ್ಲವಾದ್ದರಿಂದ ಬರೀ ಅಡಿಕೆ ಬೆಳೆಯುವವರಿಗೆ ಆ ರಸೀತಿಯಿಂದ ಒಂದು ಪೈಸೆಯ ಉಪಯೋಗವೂ ಇಲ್ಲ. ಕಾಫಿಯನ್ನು ಕ್ಯೂರಿಂಗ್ ಮಾಡಿಸಿ ಮಾರುವವರ ಆದಾಯದಲ್ಲಿ ನೂರಕ್ಕೆ 25 ಭಾಗವನ್ನು, ಹುರಿದು ಪುಡಿಮಾಡಿ ಮಾರುವವರಿಗೆ 40 ಭಾಗವನ್ನು ವ್ಯಾಪಾರದ ಆದಾಯವೆಂದು ಎಣಿಸುವ ನಿಯಮ ಬಹುಕಾಲದಿಂದ ಇದೆ. ರಿಯಾಯಿತಿ ಬಂದರೆ ಆ ಭಾಗದ ಮೇಲೆ ಮಾತ್ರ. 2,000 ರೂಪಾಯಿಗೆ ಮೀರಿ ನಗದಾಗಿ ಕೊಟ್ಟರೆ ಅದೂ ಇಲ್ಲ, ಹೊಸ ತೆರಿಗೆ ಪದ್ಧತಿ ಆಯ್ದುಕೊಂಡವರಿಗೂ ಇಲ್ಲ. ಕೊಡುವುದಾದರೆ ಕೆಲಸ ನೋಡಿ ಕೊಡಿ, ಅಚ್ಚಾದ ಅಕ್ಷರ ನೋಡಿ ಅಲ್ಲ.

ಅರ್ಜಿಗಳು ಈಚೆಗೆ ಹೆಚ್ಚಾಗಲು ಇನ್ನೊಂದು ಕಾರಣವೂ ಉಂಟು. 2020ರ ತಿದ್ದುಪಡಿಯ ಅನಂತರ ವಿದೇಶಿ ದೇಣಿಗೆ ಪಡೆದ ದೊಡ್ಡ ಸಂಸ್ಥೆ ಅದನ್ನು ಹಳ್ಳಿಯ ಸಣ್ಣ ಸಂಸ್ಥೆಗೆ ದಾಟಿಸುವಂತಿಲ್ಲ. 2014ರಿಂದ ದೊಡ್ಡ ಕಂಪನಿಗಳು ಲಾಭದ ನೂರಕ್ಕೆ 2 ಭಾಗ ಸಮಾಜದ ಕೆಲಸಕ್ಕೆ ಖರ್ಚುಮಾಡಬೇಕೆಂಬ ಕಾನೂನು ಬಂದಿದೆಯಾದರೂ, ಆ ಹಣಕ್ಕೆ ಬೇಕಾದ ವರದಿ, ಫಾರಂ, ಇಂಗ್ಲಿಷು ನಮ್ಮ ಹೋಬಳಿಯ ಅಂಗವಿಕಲರ ಸಂಘದ ಕೈಗೆ ಎಟುಕುವುದಿಲ್ಲ. ಅವರು ಎಲ್ಲಿಗೆ ಹೋಗಬೇಕು? ನಮ್ಮಲ್ಲಿಗೇ ಬರುತ್ತಾರೆ. ಅರ್ಜಿಗಳನ್ನು ಕಂಡು ಬೇಸರಪಡುವ ನಿರ್ದೇಶಕರು ಇದನ್ನೂ ನೆನೆಯಬೇಕು.

ಕೊನೆಯದಾಗಿ ನಮ್ಮ ಮನೆಯ ಸಂಗತಿ. ನಮ್ಮ ವ್ಯಾಪ್ತಿಯ ಒಂದು ಬೆಳೆಗಾರರ ಸಂಘ ಎಂಬತ್ತರ ದಶಕದಲ್ಲಿ ನೋಂದಣಿಯಾಗಿ, ನಿವೇಶನ ಪಡೆದು, ಗೋದಾಮಿನ ಗೋಡೆ ಎಬ್ಬಿಸಿತ್ತು. ಹದಿನೈದು ವರ್ಷಗಳಿಂದ ಸಭೆ ಸೇರಿಲ್ಲ, ಪಟ್ಟಿ ಸಲ್ಲಿಸಿಲ್ಲ. ಸ್ಥಾಪಕ ಸದಸ್ಯರಲ್ಲಿ ಅರ್ಧದಷ್ಟು ಜನ ಈಗಿಲ್ಲ. ಈಗಿನ ಯುವಕರು ಚಾವಣಿ ಹಾಕಿಸಿ ಒಣಗಿಸುವ ಯಂತ್ರ ತರಿಸಲು ಮುಂದಾದರೆ ಬ್ಯಾಂಕಿನವರು ಖಾತೆ ತೆರೆಯಲು ಒಪ್ಪುತ್ತಿಲ್ಲ, ಇಲಾಖೆಯವರು ಅನುದಾನದ ಅರ್ಜಿ ತೆಗೆದುಕೊಳ್ಳುತ್ತಿಲ್ಲ. ನಿವೇಶನದ ಖಾತೆ ಸಂಘದ ಹೆಸರಿನಲ್ಲಿದೆ, ಸಂಘಕ್ಕೆ ಮಾತಾಡುವ ಬಾಯಿ ಇಲ್ಲ. ಹೊಸ ಹೆಸರಿನಲ್ಲಿ ಇನ್ನೊಂದು ಸಂಘ ಮಾಡಿದರಾಯಿತು ಎಂದು ಕೆಲವರ ಸಲಹೆ. ಹಾಗೆ ಮಾಡಿದರೆ ಸಂಘದ ಸಂಖ್ಯೆಯೊಂದು ಹೆಚ್ಚುತ್ತದೆ, ನಿವೇಶನ ಹೊಸ ಸಂಘಕ್ಕೆ ಬರುವುದಿಲ್ಲ. ಹಳೆಯದನ್ನು ವಿಸರ್ಜಿಸಿದರೂ ಆಸ್ತಿಯನ್ನು ಸದಸ್ಯರು ಹಂಚಿಕೊಳ್ಳುವಂತಿಲ್ಲ, ಅದು ಇಂಥ ಸಂಘಗಳ ಮೂಲ ಷರತ್ತು. ಉಳಿದಿರುವ ದಾರಿ ಒಂದೇ: ಇರುವ ಸದಸ್ಯರನ್ನು ಕೂಡಿಸಿ ಸಭೆ ನಡೆಸಿ, ಬಾಕಿ ವರ್ಷಗಳ ಲೆಕ್ಕವನ್ನು ಪರಿಶೋಧನೆ ಮಾಡಿಸಿ, ದಂಡದ ಶುಲ್ಕದೊಡನೆ ಹಾಸನದ ಕಚೇರಿಗೆ ಸಲ್ಲಿಸಿ ಒಪ್ಪಿಸಿಕೊಳ್ಳುವ ಪ್ರಯತ್ನ. ಶುಲ್ಕವೂ ಅವಧಿಯೂ ಆಗಾಗ ಬದಲಾಗುವುದರಿಂದ ಮೊದಲು ಅಲ್ಲಿಯೇ ವಿಚಾರಿಸುವುದು ಮೇಲು. ಹಳೆಯ ನಡವಳಿ ಪುಸ್ತಕ, ರಸೀತಿ ಪುಸ್ತಕ, ಬೈಲಾ ಪ್ರತಿ ಯಾರ ಮನೆಯ ಅಟ್ಟದಲ್ಲಿದ್ದರೂ ದಯವಿಟ್ಟು ಹೊರತೆಗೆಯಿರಿ. ಗೆದ್ದಲು ಮುಟ್ಟಿದ್ದರೂ ಪರವಾಗಿಲ್ಲ, ಎಸೆಯಬೇಡಿ. ಬರಹದ ಕೆಲಸಕ್ಕೆ ನಮ್ಮ ಕಚೇರಿಯ ಗುಮಾಸ್ತರ ನೆರವು ಕೊಡಲು ಆಡಳಿತ ಮಂಡಳಿ ಒಪ್ಪಿದೆ. ಇದೇ ಸ್ಥಿತಿಯಲ್ಲಿರುವ ಬೇರೆ ಊರಿನ ಸಂಘಗಳವರೂ ಬರಬಹುದು.

ಈ ಸಾಲಿನ ಸಹಾಯದ ಅರ್ಜಿಗಳ ಬಗ್ಗೆ ಮಂಡಳಿಯ ತೀರ್ಮಾನ ಹೀಗಿದೆ: ಅರ್ಜಿಯೊಡನೆ ಕಳೆದ ವರ್ಷದ ಪರಿಶೋಧಿತ ಲೆಕ್ಕ ಹಾಗೂ ಕೊನೆಯ ಸಭೆಯ ನಡವಳಿಯ ಪ್ರತಿ ಇರಬೇಕು. ನೋಂದಣಿ ಇಲ್ಲದ ಸಣ್ಣ ಗುಂಪಾದರೆ ಅದರ ಲೆಕ್ಕದ ಪುಸ್ತಕವನ್ನು ಇಬ್ಬರು ನಿರ್ದೇಶಕರು ಊರಿಗೇ ಹೋಗಿ ನೋಡಿ ಬರುತ್ತಾರೆ. ಅರ್ಜಿಗಳೆಲ್ಲ ಕಚೇರಿಯ ಮೇಜಿನ ಮೇಲೆ ಇರುತ್ತವೆ. ಸದಸ್ಯರು ಮಹಾಸಭೆಗೆ ಮುಂಚೆ ಬಿಡುವು ಮಾಡಿಕೊಂಡು ಬಂದು ಓದಿಕೊಳ್ಳಬೇಕೆಂದು ಕೋರಿಕೆ. ಭಾನುವಾರ ಕಚೇರಿಗೆ ರಜೆ.

— ಕಾರ್ಯದರ್ಶಿ